ಇಲ್ಲ ಎಂದು ಬರೆದುಕೊಡಿ

ಕೌಂಟರಿನಲ್ಲಿ ಕೂತಿದ್ದ ನ್ದೆಲ್ಲಾ ನನ್ನ ಅರ್ಜಿಯನ್ನು ಹಿಂದೆ ಮುಂದೆ ತಿರುವಿ ಹಾಕಿ, "ತಯಾರಕರು ಯಾರು?" ಎಂದು ಕೇಳಿದಳು.

"ನಾನೇ."

"ನೀನು ಇಲ್ಲಿನ ಪ್ರತಿನಿಧಿ ಕಣಮ್ಮಾ. ನಾನು ಕೇಳ್ತಿರೋದು ತಯಾರಕರು. ಚೀನಾದೋರೋ, ಫ್ರಾನ್ಸ್‌ನೋರೋ?"

"ಕಾಫುಂಟಿನ್‌ನೋರು."

"ಅದ್ಯಾವ ದೇಶ?"

ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವರು ನಕ್ಕರು. ನಮ್ಮೂರು ಕಾಫುಂಟಿನ್ ಇದೇ ದೇಶದ ಕರಾವಳಿಯಲ್ಲಿದೆ ಎಂದು ನ್ದೆಲ್ಲಾಗೆ ಗೊತ್ತಿಲ್ಲದೆ ಏನಿಲ್ಲ. ಅವಳು ಸಾರಿಗೆ ಹಾಕುವ ಹೊಗೆಮೀನು ಬರುವುದೇ ಅಲ್ಲಿಂದ. ಆದರೆ ರೇಡಿಯೋ ಸಾಧನವೊಂದು ಅಲ್ಲಿಂದ ಬರಬಹುದು ಎಂಬುದು ಅವಳ ತಲೆಯೊಳಗೆ ಕೂರಲಿಲ್ಲ. ಆ ಕಟ್ಟಡದ ಒಳಗೆ ಯಾರ ತಲೆಯಲ್ಲೂ ಕೂರಲಿಲ್ಲ. ಫೋನು, ವಾಕಿಟಾಕಿ, ಮನೆಯ ಇಂಟರ್ನೆಟ್ ಪೆಟ್ಟಿಗೆ, ಹೀಗೆ ಗಾಳಿಯಲ್ಲಿ ತರಂಗ ಬಿಡುವ ಯಾವುದೇ ವಸ್ತು ಸೆನೆಗಾಲಿನಲ್ಲಿ ಜನರ ಕೈಸೇರಬೇಕಾದರೆ ಡಾಕಾರಿನ ಈ ಸರ್ಕಾರಿ ಕಚೇರಿಯ ಮುದ್ರೆ ಬೇಕು. ಅವೆಲ್ಲ ಹಡಗಿನಲ್ಲಿ ಬರುತ್ತವೆ. ಅವುಗಳ ಪರೀಕ್ಷಾ ವರದಿಗಳೂ ಹೊರಗಿನ ಪ್ರಯೋಗಾಲಯಗಳಿಂದಲೇ ಬರುತ್ತವೆ. ಇಲ್ಲಿ ಒಬ್ಬ ಪ್ರತಿನಿಧಿ ಅವನ್ನು ಕಡತದಲ್ಲಿ ಜೋಡಿಸಿ ಕೊಡುತ್ತಾನೆ. ಕೆಲಸ ನಡೆಯುತ್ತಿದ್ದದ್ದು ಹೀಗೆ, ನಡೆಯುತ್ತಿದ್ದದ್ದು ಇಷ್ಟೇ.

ನಾನು ಮಾಡಿದ್ದು ಸಣ್ಣ ಸಾಧನ. ಹಳದಿ ಬಣ್ಣದ್ದು, ಬಾತುಕೋಳಿಯ ಮೊಟ್ಟೆಗಿಂತ ಸ್ವಲ್ಪ ದೊಡ್ಡದು. ನಮ್ಮೂರಿನ ಮೀನುಗಾರರು ಅದನ್ನು ಮೊಟ್ಟೆ ಎಂದೇ ಕರೆದರು. ದೋಣಿಯ ಮೂತಿಗೆ ಹಗ್ಗದಲ್ಲಿ ಕಟ್ಟಿಟ್ಟರೆ ಸಾಕು. ದೋಣಿ ಮಗುಚಿ ಮೊಟ್ಟೆ ಉಪ್ಪುನೀರಿಗೆ ಬಿದ್ದರೆ ತಾನಾಗಿ ಎಚ್ಚರಗೊಂಡು, ತೇಲುತ್ತಲೇ ತಾನಿರುವ ಜಾಗವನ್ನು ದಡದ ರೇಡಿಯೋ ಗೋಪುರಕ್ಕೆ ತಿಳಿಸುತ್ತದೆ. ಹೋದ ಮಳೆಗಾಲದಲ್ಲಿ ನಮ್ಮ ಕಡಲಕಟ್ಟೆಯಿಂದ ಹೊರಟ ಒಂದು ದೋಣಿ ಮಗುಚಿದಾಗ ಹುಡುಕಲು ಹೋದವರು ತಪ್ಪು ದಿಕ್ಕಿಗೆ ಹೋದರು. ಆ ದೋಣಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಊರಿನಲ್ಲೂ ಯಾರೂ ಹೇಳುವುದಿಲ್ಲ. ಹೊಗೆಗೂಡುಗಳ ಬಳಿ ಮೀನು ತಿರುವುತ್ತಿರುವ ಹೆಂಗಸರು ಇದ್ದಕ್ಕಿದ್ದಂತೆ ಸುಮ್ಮನಾದರೆ, ಏನು ನೆನಪಾಯಿತೆಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಆ ಹೆಂಗಸರ ಸಂಘಕ್ಕೆ ಯಜಮಾನಿ ನನ್ನ ಚಿಕ್ಕಮ್ಮ ಅರಾಮಾತಾ. ನಾನು ಡಾಕಾರಿನಲ್ಲಿ ರೇಡಿಯೋ ಇಂಜಿನಿಯರಿಂಗ್ ಓದಿ ಊರಿಗೆ ಮರಳಿ, ಅವಳ ಮೀನಿನ ಗೋದಾಮಿನ ಹಿಂದಿನ ಕೋಣೆಯಲ್ಲೇ ಮೊಟ್ಟೆಯನ್ನು ಮಾಡಿದ್ದು. ಮಾಡಿ ಮುಗಿಸಿದ ದಿನ ಚಿಕ್ಕಮ್ಮ ಕಡಲಕಟ್ಟೆಗೆ ಹೋಗಿ ದೋಣಿಯವರೆಲ್ಲರ ಎದುರು ಹೇಳಿಬಿಟ್ಟಳು: "ಈ ಮಳೆಗಾಲ ಮೊಟ್ಟೆ ಇಲ್ದೆ ಹೋದ ದೋಣಿಯ ಮೀನು ನಾವು ಮುಟ್ಟಲ್ಲ. ಹೆಂಡ್ರ ಮಾತು ಕೇಳಲ್ಲ ನೀವು, ಮೀನು ಕೊಳ್ಳೋರ ಮಾತಾದ್ರೂ ಕೇಳ್ತೀರಲ್ಲ!" ಎಲ್ಲರೂ ಒಪ್ಪಿದರು. ಮುದ್ರೆ ಇಲ್ಲದ ಸಾಧನವನ್ನು ಕರಾವಳಿ ಕಾವಲಿನವರು ಕಂಡರೆ ಕಿತ್ತುಕೊಂಡು ಹೋಗುತ್ತಾರೆ, ದೋಣಿಯನ್ನೂ ಹಿಡಿದಿಡುತ್ತಾರೆ. ಹಾಗಾಗಿ ಮಳೆಗೆ ಮೊದಲು ಮುದ್ರೆ ತರುವುದು ನನ್ನ ಪಾಲಿಗೆ ಬಂತು.

ನ್ದೆಲ್ಲಾ ನನ್ನನ್ನು ಒಳಗೆ ಕಳಿಸಿದಳು. ಸಾಧನಗಳ ಅನುಮೋದನೆಯ ವಿಭಾಗಕ್ಕೆ ಲಾತಿರ್ ಫಾಯ್ ಎಂಬವರು ಮುಖ್ಯಸ್ಥರು. ದಪ್ಪ ಮೈ, ಇಸ್ತ್ರಿ ಮಾಡಿದ ನೀಲಿ ಬೂಬೂ ನಿಲುವಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಅರ್ಜಿಯ ಮೇಲಿನ ನನ್ನ ಹೆಸರು ಓದಿದ್ದೇ ತಡ, ಅವರ ಮುಖ ಹಬ್ಬದಂತಾಯಿತು.

"ನ್ಯೀಮಾ ಗುಡ್ಯಾಬಿ! ಜೋಲಾ! ಬಂದ್ಳು ನೋಡ್ರಪ್ಪಾ, ಓಡಿಹೋಗಿದ್ದ ನಮ್ಮನೆ ಆಳು! ಎಲ್ಲಿಗೆ ಹೋಗಿದ್ದೆಯೇ ಇಷ್ಟು ವರ್ಷ? ಅಂಗಳ ಗುಡಿಸೋರಿಲ್ಲ ನಮಗೆ!"

ಸುಮ್ಮನಿರಲು ನನ್ನಿಂದಾಗಲಿಲ್ಲ. "ಆಳು ಯಾರು ಒಡತಿ ಯಾರು ಅಂತ ನಿಮ್ಮಜ್ಜಿಯನ್ನ ಕೇಳಿ ನೋಡಿ. ನಾವು ಅನ್ನ ಹಾಕದೆ ಹೋಗಿದ್ರೆ ಸೆರೆರ್‌ಗಳು ಇವತ್ತಿಗೂ ಹಕ್ಕಿಗಳ ಜೊತೆ ಸಜ್ಜೆ ಹೆಕ್ಕುತ್ತಿದ್ರಿ."

"ಕೇಳಿದ್ರಾ? ತಾಳೆ ಹೆಂಡ ಕುಡ್ದು ಬಂದಿದಾಳೆ, ಬಾಯಿ ನೋಡಿ!"

"ಹೊಟ್ಟೆ ನೋಡಿ ನಿಮ್ದು. ಮೇಜು ಮುಂದಕ್ಕೆ ತಳ್ಳಿ ಕೂತಿದೀರಿ."

ಕೋಣೆಯಲ್ಲಿದ್ದ ಗುಮಾಸ್ತರೆಲ್ಲ ಹೊಟ್ಟೆ ಹಿಡಿದು ನಕ್ಕರು. ಚಹಾ ಬಂತು. ಮೊದಲ ಸುತ್ತು ಕಹಿಯಾಗಿ, ಎರಡನೆಯದು ಹದವಾಗಿ, ಮೂರನೆಯದು ಬರೀ ಸಕ್ಕರೆಯಾಗಿ. ಅಷ್ಟರಲ್ಲಿ ಕಚೇರಿ ಮುಚ್ಚುವ ಹೊತ್ತಾಗಿತ್ತು.

ಫಾಯ್ ಅವರ ಸೆರೆರ್ ಜನ ಮತ್ತು ನಮ್ಮ ಜೋಲಾ ಜನ, ಒಡೆದ ಒಂದೇ ದೋಣಿಯ ಎರಡು ತುಂಡುಗಳಲ್ಲಿ ಬೇರೆ ಬೇರೆ ದಡ ಸೇರಿದ ಅಕ್ಕತಂಗಿಯರ ಮಕ್ಕಳು ಎನ್ನುತ್ತಾರೆ. ಆದ್ದರಿಂದ ಎಲ್ಲೇ ಎದುರಾದರೂ ನಾವು ಒಬ್ಬರನ್ನೊಬ್ಬರು ಆಳು ಎನ್ನಬಹುದು, ಕಳ್ಳ ಎನ್ನಬಹುದು, ತಿಂಡಿಪೋತ ಎನ್ನಬಹುದು. ಕೋಪ ಮಾತ್ರ ಮಾಡಿಕೊಳ್ಳುವಂತಿಲ್ಲ. ಹೆಣದ ಮುಂದೆಯೂ ಈ ತಮಾಷೆ ನಿಲ್ಲುವುದಿಲ್ಲ. ನನ್ನ ಅಜ್ಜ ತೀರಿಕೊಂಡಾಗ ಒಬ್ಬ ಸೆರೆರ್ ಮುದುಕಿ ಎಲ್ಲಿಂದಲೋ ಬಂದು, "ಕೆಲಸ ತಪ್ಪಿಸ್ಕೊಳ್ಳೋಕೆ ಸತ್ತ ನಾಟಕ ಆಡ್ತಿದಾನೆ ನನ್ನ ಆಳು, ಎಬ್ಬಿಸ್ರೋ ಇವನನ್ನ" ಎಂದು ಕೂಗಿದ್ದಳು. ಅಳುತ್ತಿದ್ದ ನನ್ನಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದಳು. ಅಷ್ಟು ಹಳೆಯ, ಅಷ್ಟು ಒಳ್ಳೆಯ ಪದ್ಧತಿ ಇದು. ಜಗಳವಾಗಬೇಕಾದ ಎಷ್ಟೋ ಕಡೆ ಜಗಳವಾಗದೆ ಹೋದದ್ದು ಇದರಿಂದ.

ಹಾಗಾಗಿ ಆ ದಿನ ಮೈ ಹಗುರಾಗಿ ಹೊರಬಂದೆ. ಬಸ್ಸಿನಲ್ಲಿ ಕೂತ ಮೇಲೆ ಗೊತ್ತಾಯಿತು, ಮೊಟ್ಟೆಯ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಆಮೇಲೆ ಎಷ್ಟೋ ಸಲ ಹೋದೆ. ಹೊರಗಿನ ಪ್ರಯೋಗಾಲಯದ ವರದಿ ತರಬೇಕು ಎಂದರು. ಅಲ್ಲಿಗೆ ಬರೆದೆ. ಆ ಪ್ರಯೋಗಾಲಯದವರು ತಯಾರಿಕಾ ಕಂಪನಿಯಿಂದಲೇ ಅರ್ಜಿ ಬರಬೇಕು, ಕಾರ್ಖಾನೆಯ ಪ್ರಮಾಣಪತ್ರ ಬೇಕು ಎಂದರು. ನನ್ನ ಕಾರ್ಖಾನೆ ಎಂದರೆ ಮೀನಿನ ವಾಸನೆಯ ಒಂದು ಕೋಣೆ. ಅದನ್ನು ಹೇಳಿದಾಗ ಫಾಯ್ ನಕ್ಕು, "ಕಾರ್ಖಾನೆಯಂತೆ! ಜೋಲಾಗಳು ಹೆಂಡದ ಬುರುಡೆ ಬಿಟ್ಟು ಬೇರೇನು ತಯಾರಿಸಿದಾರೆ?" ಎಂದರು. ನಾನೂ ಏನೋ ಮರುಮಾತಾಡಿದೆ, ಎಲ್ಲರೂ ನಕ್ಕರು, ಚಹಾ ಬಂತು. ಫಾಯ್ ಎಂದೂ ಇಲ್ಲ ಎನ್ನಲಿಲ್ಲ. "ನೋಡೋಣ ತಂಗಿ", "ಕಡತ ಮೇಲೆ ಹೋಗಿದೆ", "ದೇವರ ದಯೆಯಿದ್ರೆ ಮುಂದಿನ ವಾರ", ಇಷ್ಟೇ. ಬಾಡಿಗೆ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಾಗ ನನಗೆ ನಿಧಾನವಾಗಿ ಒಂದು ವಿಷಯ ಹೊಳೆಯಿತು. ಇಲ್ಲ ಎಂಬ ಮಾತನ್ನು ಅವರು ನಗುವಿನಲ್ಲಿ ಸುತ್ತಿ ಕೊಡುತ್ತಿದ್ದಾರೆ. ನಾನೂ ನಗುತ್ತಲೇ ಕೈಚಾಚಿ ತೆಗೆದುಕೊಳ್ಳುತ್ತಿದ್ದೇನೆ. ಜಗಳ ಆಗದಿರಲಿ ಎಂದು ಹಿರಿಯರು ಮಾಡಿಟ್ಟದ್ದರಿಂದ, ಆಗಲೇಬೇಕಾದ ಜಗಳವೂ ಆಗುತ್ತಿಲ್ಲ.

ಕಚೇರಿಯ ಮೊಗಸಾಲೆಯಲ್ಲಿ ಯಾವಾಗಲೂ ಇರುತ್ತಿದ್ದವನು ಬಾಲ್ದೆ. ಹೊರದೇಶದ ಕಂಪನಿಗಳ ಕಡತಗಳನ್ನು ಒಳಗೆ ದಾಟಿಸುವುದೇ ಅವನ ಉದ್ಯೋಗ. ಕಂಕುಳಲ್ಲಿ ಕಡತ, ಕಿವಿಯಲ್ಲಿ ಫೋನು, ಬಾಯಲ್ಲಿ ಹಲ್ಲುಜ್ಜುವ ಕಡ್ಡಿ. ಒಂದು ದಿನ ಪಕ್ಕದಲ್ಲಿ ಬಂದು ಕೂತ.

"ಅಕ್ಕಾ, ನಿನ್ನನ್ನ ನೋಡಿ ನನಗೇ ಸುಸ್ತಾಗ್ತಿದೆ. ಒಂದು ಮಾತು ಹೇಳ್ಲಾ?"

"ಹೇಳು. ಕೇಳ್ದೇ ಇದ್ರೂ ಹೇಳ್ತೀಯ."

"ಆ ಮೊಟ್ಟೆಯ ನಕ್ಷೆ ನನಗೆ ಕೊಡು. ಚೀನಾದ ಶೆಂಜೆನ್‌ನಲ್ಲಿ ನನ್ನ ಗೆಳೆಯರಿದಾರೆ. ಅವರು ಅವರ ಹೆಸರು ಹಾಕ್ತಾರೆ, ಅಲ್ಲೇ ಪರೀಕ್ಷೆ ಮಾಡಿಸ್ತಾರೆ, ವರದಿ ಕಳಿಸ್ತಾರೆ. ನೀನು ಇಲ್ಲಿ ಅವರ ಪ್ರತಿನಿಧಿ. ನಿಮ್ಮ ಫಾಯ್ ಕಣ್ಣು ಮುಚ್ಕೊಂಡು ಮುದ್ರೆ ಒತ್ತುತ್ತಾನೆ."

"ಅಂದ್ರೆ ನಾನು ಹೆತ್ತ ಮಗೂನ ನಾನೇ ದತ್ತು ತಗೋಬೇಕು."

"ಮಗು ಬದುಕುತ್ತಲ್ಲ ಅಕ್ಕಾ! ಯಾರಪ್ಪ ಅಂತ ಕೇಳ್ಕೊಂಡು ಯಾರು ಮುಳುಗ್ತಾರೆ?"

ಅವನ ಮಾತಿನಲ್ಲಿ ದುರಾಸೆಯಿತ್ತು, ಆದರೆ ಸುಳ್ಳಿರಲಿಲ್ಲ. ಅದೇ ಸಂಜೆ ಚಿಕ್ಕಮ್ಮನಿಗೆ ಫೋನ್ ಮಾಡಿ ಹೇಳಿದೆ. ಅತ್ತ ಕಡೆ ಹೊಗೆಗೆ ಕೆಮ್ಮುವ ಹೆಂಗಸರ ಸದ್ದು, ಬುಟ್ಟಿ ಎಳೆಯುವ ಸದ್ದು.

"ಹೂಂ ಅನ್ನೇ ಹುಡುಗಿ," ಎಂದಳು ಚಿಕ್ಕಮ್ಮ. "ಮೋಡ ಕಟ್ತಾ ಇದೆ ಇಲ್ಲಿ. ಯಾರ ಹೆಸರಾದ್ರೇನು? ಹೆಸರೇನು ನೀರಲ್ಲಿ ಕೂಗುತ್ತಾ?"

"ಚಿಕ್ಕಮ್ಮಾ, ಆಂಟೆನಾ ಉದ್ದ ಆಯ್ತು, ಬಲೆಗೆ ಸಿಕ್ಕೊಳ್ಳುತ್ತೆ ಅಂತ ದೋಣಿಯವರು ಅಂದಾಗ ನಾನು ಏನ್ಮಾಡಿದೆ?"

"ಒಂದೇ ದಿನದಲ್ಲಿ ಗಿಡ್ಡ ಮಾಡಿಕೊಟ್ಟೆ ನೀನು."

"ಹೆಸರು ಅವರದಾದ್ಮೇಲೆ ಒಂದು ತಿರುಪು ಬದಲಾಯಿಸಬೇಕಿದ್ರೂ ಅವರನ್ನ ಕೇಳಬೇಕು. ಅವರು ಹೂಂ ಅನ್ನೋವರೆಗೂ ಹಳೇದೇ ಕಟ್ಟಿಕೊಂಡು ಹೋಗ್ಬೇಕು. ಯಾವುದೋ ದೋಣಿಯಲ್ಲಿ ಅದು ಕೂಗದೇ ಹೋದ್ರೆ ನೀನು ಯಾರ ಮನೆ ಬಾಗಿಲಿಗೆ ಹೋಗಿ ಬೈತೀಯ?"

ಬೆಂಕಿಯ ಚಟಪಟ ಮಾತ್ರ ಕೇಳುತ್ತಿತ್ತು.

"ನಿನ್ನ ಬಾಗಿಲಿಗೇ ಬರ್ತೀನಿ," ಎಂದಳು ಕೊನೆಗೆ. "ಬೈಯೋಕೆ ಹತ್ರದಲ್ಲೊಬ್ಬರು ಬೇಕಪ್ಪ. ಆದ್ರೆ ಕೇಳು, ಮಳೆ ನಿನಗೋಸ್ಕರ ಕಾಯಲ್ಲ. ಮೊಂಡಾಟ ಮಾಡೋದಾದ್ರೆ ಬೇಗ ಮಾಡು."

ಮರುದಿನ ಬೆಳಿಗ್ಗೆ ಕಚೇರಿ ತೆರೆದಾಗಲೇ ಹೋದೆ. ಫಾಯ್ ಅವರ ಕೋಣೆಯಲ್ಲಿ ಕುರ್ಚಿ ಎಳೆದುಕೊಂಡು ಅವರ ಎದುರಿಗೆ ಕೂತೆ. ಮೊಟ್ಟೆಯನ್ನು ಮೇಜಿನ ಮೇಲಿಟ್ಟೆ.

"ಓಹೋ! ಬೆಳಗಾಗೋ ಮೊದಲೇ ಆಳು ಕೆಲಸಕ್ಕೆ ಬಂದಿದಾಳೆ. ಪೊರಕೆ ಎಲ್ರೋ?"

ನಾನು ಮಾತಾಡಲಿಲ್ಲ.

"ಏನೇ? ನಾಲಿಗೇನ ಹೆಂಡದ ಮಡಕೇಲಿ ಬಿಟ್ಟು ಬಂದ್ಯಾ?"

ಗುಮಾಸ್ತರು ನಗುತ್ತಾ ನನ್ನ ಕಡೆ ತಿರುಗಿದರು. ನನ್ನ ಸರದಿ ಅದು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಹುಟ್ಟಿದಾಗಿನಿಂದ ಆಡಿದ ಆಟ, ಎಲ್ಲಿ ಹೋಗುತ್ತದೆ? ಅದನ್ನು ನುಂಗಿಕೊಂಡೆ. ನಗು ಒಬ್ಬೊಬ್ಬರ ಮುಖದಿಂದ ಜಾರಿತು. ಫಾಯ್ ಮತ್ತೊಂದು ಮಾತೆಸೆದರು, ಇನ್ನೊಂದು ಎಸೆದರು. ಉತ್ತರವಿಲ್ಲದ ತಮಾಷೆ ಕೋಣೆಯ ನಡುವೆ ಬಿದ್ದು ಬರೀ ಬೈಗುಳವಾಯಿತು. ಅದು ಅವರ ಕಿವಿಗೂ ಕೇಳಿಸಿರಬೇಕು. ಸುಮ್ಮನಾದರು.

ಹಾಗೆಯೇ ಕೂತಿದ್ದೆ. ಕಡತಗಳು ಬಂದವು, ಹೋದವು. ಬಾಲ್ದೆ ಬಾಗಿಲಲ್ಲಿ ಇಣುಕಿ, ನನ್ನ ಮುಖ ನೋಡಿ, ಒಳಗೆ ಬರದೆ ತಿರುಗಿದ. ಮಧ್ಯಾಹ್ನ ನ್ದೆಲ್ಲಾ ದೊಡ್ಡ ಬೋಗುಣಿಯನ್ನು ತಂದು ಚಾಪೆಯ ಮೇಲಿಟ್ಟಳು. ಕೆಂಪು ಅನ್ನ, ಮೀನು, ಎಲೆಕೋಸು, ಮರಗೆಣಸು. ಸುತ್ತ ಎಲ್ಲರೂ ಕೂತರು.

"ಬಾ, ಊಟ ಮಾಡು," ಎಂದರು ಫಾಯ್. ತಮಾಷೆಯಿಲ್ಲದ ಸ್ವರ.

"ಬೇಡ."

ನ್ದೆಲ್ಲಾಳ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ನಮ್ಮಲ್ಲಿ ದಾರಿಹೋಕನೂ ಕರೆದರೆ ಒಂದು ತುತ್ತಾದರೂ ತಿಂದು ಎದ್ದುಹೋಗುತ್ತಾನೆ. ಬೋಗುಣಿಯ ಸುತ್ತ ಕೂತವರು ಮಾತಿಲ್ಲದೆ ತಿಂದರು. ಫಾಯ್ ತಮ್ಮ ಮುಂದಿದ್ದ ಮೀನಿನ ತುಂಡನ್ನು ನನಗಾಗಿ ಬೋಗುಣಿಯ ಅಂಚಿಗೆ ಸರಿಸಿಟ್ಟಿದ್ದರು. ಊಟ ಮುಗಿದಾಗಲೂ ಅದು ಅಲ್ಲೇ ಇತ್ತು. ಅವರೂ ಹೆಚ್ಚು ತಿಂದಿರಲಿಲ್ಲ.

ನಮಾಜು ಮುಗಿಸಿ ಬಂದ ಫಾಯ್ ಗುಮಾಸ್ತರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಕನ್ನಡಕ ತೆಗೆದಿಟ್ಟರು. ಅದಿಲ್ಲದೆ ಅವರ ಮುಖ ಬೇರೆ ಯಾರದೋ ಅನ್ನಿಸಿತು.

"ನನ್ನ ಜೊತೆ ತಮಾಷೆ ಬಿಟ್ಟುಬಿಟ್ಯಾ? ನಮ್ಮಪ್ಪ ಸತ್ತಾಗ ಜೋಲಾಗಳು ಬಂದು ನಗಿಸಿದ್ರು ನನ್ನನ್ನ. ನಾನು ನಿನಗೆ ಸಾವಿಗಿಂತ ಕೆಟ್ಟದ್ದು ಏನು ಮಾಡ್ದೆ?"

"ಇಲ್ಲ ಅಂತ ಬರೆದುಕೊಡಿ."

"ಏನು?"

"ನನ್ನ ಅರ್ಜಿಗೆ ಇಲ್ಲ ಅಂತ ಬರೆದುಕೊಡಿ. ಯಾಕಿಲ್ಲ ಅಂತ ಕಾರಣ ಬರೀರಿ. ಅದು ಕೈಗೆ ಬರೋವರೆಗೂ ಏಳಲ್ಲ. ನಾಳೆ ಬರ್ತೀನಿ, ನಾಡಿದ್ದು ಬರ್ತೀನಿ. ಇಲ್ಲಿ ನಗೋದಿಲ್ಲ, ಊಟ ಮಾಡೋದೂ ಇಲ್ಲ."

"ಇಲ್ಲ ಅಂತ ನಾನು ಅಂದೇ ಇಲ್ವಲ್ಲ ತಂಗಿ."

"ಅದೇ ತೊಂದ್ರೆ. ಅಂದಿದ್ರೆ ನಾನು ನ್ಯಾಯಾಲಯಕ್ಕೆ ಹೋಗ್ತಿದ್ದೆ, ಮಂತ್ರಿ ಹತ್ರ ಹೋಗ್ತಿದ್ದೆ. ನೋಡೋಣ ಅನ್ನೋ ಮಾತು ಹಿಡ್ಕೊಂಡು ಎಲ್ಲಿಗೆ ಹೋಗ್ಲಿ?"

ಅವರು ಬಿಳಿ ಹಾಳೆ ಎಳೆದುಕೊಂಡರು. ಹಟಕ್ಕೆಂದೇ ಎಳೆದುಕೊಂಡರು ಎಂದು ನನಗನ್ನಿಸಿತು. ಬರೆಯತೊಡಗಿದರು. ಬರೆಯುತ್ತಾ ಬಾಯಲ್ಲಿ ಹೇಳಿಕೊಳ್ಳುವುದು ಅವರ ಅಭ್ಯಾಸ. "ಅರ್ಜಿದಾರರು... ವಿದೇಶಿ ತಯಾರಕರ ಪತ್ರ ಸಲ್ಲಿಸದ ಕಾರಣ..." ನಿಂತರು. ತಯಾರಕ ವಿದೇಶಿಯೇ ಆಗಿರಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಹೊಡೆದು ಹಾಕಿದರು. "ತಯಾರಕರು ಇದೇ ದೇಶದವರಾದ ಕಾರಣ..." ಅಷ್ಟು ಓದಿ ಮತ್ತೆ ನಿಂತರು. ಆ ವಾಕ್ಯದ ಮುಂದೆ ಇಡಲು ಅವರಿಗೆ ಏನೂ ಸಿಗಲಿಲ್ಲ. ಲೇಖನಿ ಕೆಳಗಿಟ್ಟರು.

ಮೇಲೆ ಫ್ಯಾನು ತಿರುಗುತ್ತಿತ್ತು. ಅವರ ಸಿಟ್ಟು ನಿಧಾನವಾಗಿ ಇಳಿದು, ಅದರ ಕೆಳಗಿದ್ದ ಇನ್ನೇನೋ ಹೊರಗೆ ಕಾಣಿಸಿತು. ಹೆದರಿಕೆ ಅದು.

"ನಾನು ಸುಳ್ಳು ಹೇಳಲ್ಲ," ಎಂದರು. "ಹೊರಗಿನವರ ವರದಿ ಇತ್ತು ಅಂದ್ಕೋ. ನಾಳೆ ಏನಾದ್ರೂ ಕೆಟ್ಟದ್ದಾದ್ರೆ ತಪ್ಪು ಅವರದು. ಅವರು ದೂರ ಇದಾರೆ, ಯಾರೂ ಹೋಗಿ ಕೇಳಲ್ಲ. ನಿನ್ನದಕ್ಕೆ ನಾನು ಸಹಿ ಹಾಕ್ದೆ, ಒಂದು ದೋಣಿ ಸಿಗಲಿಲ್ಲ ಅಂದ್ಕೋ. ಆಗ ತಪ್ಪು ಯಾರದು? ಆ ತಾಯಂದಿರು ಬಂದು ನಿಲ್ಲೋದು ನನ್ನ ಬಾಗಿಲಲ್ಲಿ."

"ನಿಮ್ಮ ಬಾಗಿಲಲ್ಲಿ ಯಾಕೆ? ನನ್ನ ಬಾಗಿಲಲ್ಲಿ. ತಯಾರಕರ ಜಾಗದಲ್ಲಿ ನನ್ನ ಹೆಸರು ಬರೀರಿ ಅಂತ ನಾನು ಬೇಡ್ತಿರೋದು ಇನ್ಯಾಕೆ ಅಂದ್ಕೊಂಡ್ರಿ? ಫೋಟೋ ತೆಗೆಸ್ಕೊಳ್ಳೋಕಾ?"

ಅವರು ತಲೆಯೆತ್ತಿ ನೋಡಿದರು.

"ಮಾನ್ಯ ಪ್ರಯೋಗಾಲಯದ ವರದಿ, ಇಲ್ಲವೇ ಕಚೇರಿಯೇ ಮಾಡಿದ ಅಳತೆ. ಹಾಗಂತ ನಿಮ್ಮ ನಿಯಮದಲ್ಲೇ ಇದೆ," ಎಂದೆ. "ಹಿತ್ತಲಲ್ಲಿ ನಿಮ್ಮ ತರಂಗ ಅಳೆಯೋ ವ್ಯಾನ್ ನಿಂತಿದೆ. ಅಳೀರಿ."

"ಅದು ಕಳ್ಳ ರೇಡಿಯೋದೋರನ್ನ ಹಿಡಿಯೋ ವ್ಯಾನು ಕಣೇ! ಅದರಲ್ಲಿ ಯಾವತ್ತೂ ಯಾರೂ ಅರ್ಜಿಯ ಸಾಧನ ಅಳೆದಿಲ್ಲ."

"ನನ್ನನ್ನೂ ಕಳ್ಳಿ ಅಂತಲೇ ಹಿಡೀರಿ. ಅಳೀರಿ ಅಷ್ಟೆ."

ಅವರು ಹಾಳೆಯನ್ನು ಮಡಚಿದರು, ಬಿಡಿಸಿದರು. ಎದ್ದು ಕಿಟಕಿಯ ಬಳಿ ಹೋಗಿ ಹಿತ್ತಲು ನೋಡುತ್ತಾ ನಿಂತರು. ಬೆನ್ನು ತಿರುಗಿಸಿಕೊಂಡೇ ಹೇಳಿದರು: "ಊರೊಳಗೆ ಅಳೆಯೋಕಾಗಲ್ಲ. ನೂರೆಂಟು ತರಂಗ ಇರುತ್ತೆ. ಊರಂಚಿನ ಮಾಲಿಕಾ ಬಡಾವಣೆ ದಾಟಿ ಖಾಲಿ ದಡಕ್ಕೆ ಹೋಗ್ಬೇಕು. ಗುರುವಾರ ಬಾ."

ಗುರುವಾರ ಅವರೇ ಬಂದರು. ವ್ಯಾನಿನ ಮುಂದಿನ ಸೀಟಿನಲ್ಲಿ ಚಾಲಕ, ನಾನು, ಫಾಯ್. ಚಾಲಕ ರೇಡಿಯೋ ಹಾಕಲು ಕೈಚಾಚಿ, ಯಾಕೋ ಹಿಂದಕ್ಕೆ ತೆಗೆದುಕೊಂಡ. ದಡದಲ್ಲಿ ಗಾಳಿ ಜೋರಾಗಿತ್ತು. ಫಾಯ್ ಬೂಬೂವಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಾವೇ ಅಳತೆಯ ಆಂಟೆನಾವನ್ನು ಮೇಲೇರಿಸಿದರು. ಅವರ ಕೈಗಳು ಕೆಲಸವನ್ನು ಮರೆತಿರಲಿಲ್ಲ. ಈ ಮೇಜಿಗೆ ಬರುವ ಮೊದಲು ಅವರು ಇಂಥ ವ್ಯಾನಿನಲ್ಲಿ ದೇಶವಿಡೀ ಸುತ್ತಿದವರೆಂದು ಚಾಲಕ ನನ್ನ ಕಿವಿಯಲ್ಲಿ ಹೇಳಿದ.

ನಾನು ಬಕೆಟ್ಟಿನಲ್ಲಿ ಕಡಲ ನೀರು ತುಂಬಿ, ಅವರು ತೋರಿಸಿದ ದೂರದಲ್ಲಿಟ್ಟು, ಮೊಟ್ಟೆಯನ್ನು ಅದರಲ್ಲಿ ತೇಲಿಬಿಟ್ಟೆ. ಅದು ಎಚ್ಚರಗೊಂಡಿತು. ವ್ಯಾನಿನ ಒಳಗೆ ಪರದೆಯ ಮೇಲೆ ಒಂದು ಗೆರೆ ನೇರ ಎದ್ದು ನಿಂತಿತು. ಅನುಮತಿಯ ಮಿತಿಯ ಕೆಳಗೆ, ಎಲ್ಲಿರಬೇಕೋ ಅಲ್ಲಿ.

ಫಾಯ್ ಗುಂಡಿ ತಿರುಗಿಸುತ್ತಾ ಮೇಲಿನ ಕಂಪನಾಂಕಗಳ ಕಡೆ ಹೋದರು. ಅಲ್ಲಿ ಇನ್ನೊಂದು ಗೆರೆ ಇತ್ತು. ಮೊದಲಿನದಕ್ಕೆ ಸರಿಯಾಗಿ ಎರಡರಷ್ಟು ಕಂಪನಾಂಕದಲ್ಲಿ, ಇರಬಾರದ ಜಾಗದಲ್ಲಿ, ಮಿತಿ ದಾಟಿ.

"ಇದು?" ಎಂದರು.

ನಾನು ನೋಡುತ್ತಲೇ ಇದ್ದೆ. ನೋಡುತ್ತಿದ್ದಂತೆ ಅರ್ಥವಾಯಿತು. ಬಲೆಗೆ ಸಿಕ್ಕಿಕೊಳ್ಳುತ್ತದೆಂದು ಆಂಟೆನಾ ಗಿಡ್ಡ ಮಾಡಿದ್ದೆನಲ್ಲ. ಆಮೇಲೆ ಗೋಪುರದ ತನಕ ಕೂಗು ಮುಟ್ಟುತ್ತದೆಯೇ ಎಂದು ಮಾತ್ರ ನೋಡಿದ್ದೆ. ಬೇಡದ ಜಾಗದಲ್ಲಿ ಕೂಗುತ್ತಿದೆಯೇ ಎಂದು ನೋಡಿರಲಿಲ್ಲ. ನೋಡಲು ನಮ್ಮೂರಿನಲ್ಲಿ ಯಂತ್ರವೂ ಇರಲಿಲ್ಲ. ಆ ಮಾತು ಹೇಳಲು ನನಗೆ ಮನಸ್ಸಾಗಲಿಲ್ಲ.

"ನನ್ನ ತಪ್ಪು," ಎಂದೆ. "ಆಂಟೆನಾ ಬದಲಾಯಿಸಿದ್ಮೇಲೆ ಬೇಡದ ತರಂಗ ಸೋಸೋ ಒಳಗಿನ ತಂತಿ ಸುರುಳಿಯನ್ನೂ ಬದಲಾಯಿಸಬೇಕಿತ್ತು."

ಫಾಯ್ ಯಂತ್ರ ಆರಿಸಿದರು. ಅವರ ಮುಖದಲ್ಲಿ ಗೆದ್ದ ಭಾವವೇನೂ ಇರಲಿಲ್ಲ. ನನ್ನ ಭುಜದ ಮೇಲೆ ಕೈಯಿಟ್ಟು, ತಂದೆಯಂತೆ ಮೆಲ್ಲನೆ ಹೇಳಿದರು: "ಹೋಗ್ಲಿ ಬಿಡು. ನಾವು ಇವತ್ತು ಬಂದೇ ಇಲ್ಲ ಅಂದ್ಕೊಳ್ಳೋಣ. ನೀನು ಸರಿ ಮಾಡ್ಕೊಂಡು ಬಾ, ಆಮೇಲೆ ನೋಡೋಣ. ಇದನ್ನ ಬರೆದು ನಿನ್ನ ಹೆಸರು ಯಾಕೆ ಕೆಡಿಸ್ಲಿ?"

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಹೂಂ ಎಂದುಬಿಡಬಹುದಿತ್ತು. ಹೂಂ ಎಂದರೆ ಮತ್ತೆ ಆಮೇಲೆ, ಮತ್ತೆ ನೋಡೋಣ. ಈ ದಡಕ್ಕೆ ನಾವು ಬಂದದ್ದಕ್ಕೆ ಗುರುತಾಗಿ ಟೈರಿನ ಗೀರುಗಳಷ್ಟೇ ಉಳಿಯುತ್ತಿದ್ದವು, ಅವೂ ಸಂಜೆಯ ತನಕ.

"ಬರೀರಿ," ಎಂದೆ.

"ಫೇಲ್ ಅಂತ ಬರೀಬೇಕಾಗುತ್ತೆ ಕಣೇ."

"ಅದನ್ನೇ ಬರೀರಿ. ಯಾವ ಕಂಪನಾಂಕದಲ್ಲಿ, ಎಷ್ಟು ಮಿತಿ ಮೀರಿದೆ, ಎಲ್ಲ ಬರೀರಿ. ಮೇಲ್ಗಡೆ ತಯಾರಕರು ಅಂತ ಒಂದು ಜಾಗ ಇದೆಯಲ್ಲ, ಅಲ್ಲಿಂದ ಶುರು ಮಾಡಿ."

"ಬೇರೆಯವರು ಪಾಸಾದ ಕಾಗದಕ್ಕೆ ನನ್ನ ಕಾಲು ಹಿಡೀತಾರೆ. ನೀನು ಫೇಲಾದ ಕಾಗದಕ್ಕೆ ಜಗಳ ಆಡ್ತೀಯ!"

"ಪಾಸಾದವರು ಯಾರೂ ಇಲ್ಲಿ ಬಂದು ನಿಂತಿಲ್ಲ. ನಾನು ನಿಂತಿದೀನಿ. ತಪ್ಪು ಯಾರದು ಅಂತ ಕೇಳಿದ್ರಲ್ಲ ಅವತ್ತು? ತಪ್ಪು ಇಲ್ಲಿದೆ, ನಾನೂ ಇಲ್ಲೇ ಇದೀನಿ. ಬರೀರಿ."

ಚಾಲಕ ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ನೇರ ಕಡಲನ್ನೇ ನೋಡುತ್ತಿದ್ದ. ಫಾಯ್ ವ್ಯಾನಿನ ಮೆಟ್ಟಿಲ ಮೇಲೆ ಕೂತರು. ಗಾಳಿಗೆ ಹಾರದಂತೆ ಹಾಳೆಯನ್ನು ಮೊಣಕಾಲಿಗೆ ಒತ್ತಿ ಹಿಡಿದರು. ಈ ಸಲ ಅವರು ಬಾಯಲ್ಲಿ ಹೇಳಿಕೊಳ್ಳಲಿಲ್ಲ. ನಾನು ಬಗ್ಗಿಯೂ ನೋಡಲಿಲ್ಲ. ಅಲೆಯೊಂದು ಬಂದು, ಮರಳಲ್ಲಿ ಇಂಗಿ, ಹಿಂದೆ ಹೋಗುವ ಸದ್ದು. ಮತ್ತೊಂದು. ಅವರು ಬರೆಯುತ್ತಲೇ ಇದ್ದರು.

ಸಹಿ ಹಾಕಿ ನನ್ನ ಕೈಗಿತ್ತರು. ತಯಾರಕರು: ನ್ಯೀಮಾ ಗುಡ್ಯಾಬಿ. ತಯಾರಾದ ಸ್ಥಳ: ಕಾಫುಂಟಿನ್, ಸೆನೆಗಾಲ್. ಕೆಳಗೆ ಅಂಕಿಗಳು, ಮಿತಿ ಮೀರಿದ ಪ್ರಮಾಣ, ಅನುಮೋದನೆ ನಿರಾಕರಿಸಲಾಗಿದೆ ಎಂಬ ಸಾಲು, ದೋಷ ಸರಿಪಡಿಸಿ ಮರು ಅಳತೆಗೆ ಬರಬಹುದು ಎಂಬ ಇನ್ನೊಂದು ಸಾಲು. ಎರಡನೆಯದನ್ನು ಬರೆಯಿರಿ ಎಂದು ನಾನು ಹೇಳಿರಲಿಲ್ಲ.

ಅಲ್ಲಿಂದಲೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಫೇಲಾಯ್ತು ಚಿಕ್ಕಮ್ಮಾ."

"ಅಯ್ಯೋ! ಮತ್ತೆ ನಗ್ತಾ ಇದೀಯಲ್ಲೇ? ತಲೆ ಕೆಟ್ಟಿದೆಯಾ?"

"ಗಿಡ್ಡ ಆಂಟೆನಾದ್ದೇ ದೋಷ. ಬರೆದು ಕೊಟ್ಟಿದಾರೆ, ನನ್ನ ಹೆಸರಲ್ಲಿ. ತಾಮ್ರದ ತಂತಿಯ ಸುರುಳಿ ಇದೆಯಲ್ಲ, ಕಿಟಕಿ ಪಕ್ಕದ ಡಬ್ಬಿಯಲ್ಲಿ, ಅದನ್ನ ಡಾಕಾರಿಗೆ ಬರೋ ಇವತ್ತಿನ ಹಡಗಿಗೆ ಕೊಟ್ಟು ಕಳಿಸು. ತೆಳ್ಳಂದು. ದಪ್ಪಂದು ಬೇಡ."

"ಇಲ್ಲಿ ಮೊದಲ ಹನಿ ಬಿತ್ತು ಬೆಳಿಗ್ಗೆ."

"ಗೊತ್ತು. ದೋಣಿಯವರಿಗೆ ಹೇಳು, ಈ ವಾರ ದಡ ಕಾಣೋಷ್ಟು ದೂರದಲ್ಲೇ ಬಲೆ ಹಾಕಲಿ."

"ಕೇಳಲ್ಲ ಅವರು."

"ಬೈದು ಹೇಳು."

ಅವಳು ಫೋನು ಕೆಳಗಿಡದೆಯೇ ಯಾರಿಗೋ ಬೈಯಲು ಶುರುಮಾಡಿದ್ದು ಕೇಳಿಸಿತು.

ಫಾಯ್ ಆಂಟೆನಾ ಇಳಿಸಿ ಮುಗಿಸಿದ್ದರು. ಬಕೆಟ್ಟಿನ ಬಳಿ ಕೂತು ಮೊಟ್ಟೆಯನ್ನು ನೀರಿನಿಂದ ಎತ್ತಿ, ಮೊದಲ ಬಾರಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು. ಅಂಟಿಸಿದ ಗೆರೆಯ ಮೇಲೆ ಉಗುರಾಡಿಸಿದರು.

"ಇಲ್ಲಿ ನೀರು ಹೊಗದ ಹಾಗೆ ಏನು ಹಚ್ಚಿದೀಯ?"

ಹೇಳಿದೆ.

"ಬಿಸಿಲಿಗೆ ಬಿರುಕು ಬಿಡಲ್ವಾ?"

"ಒಂದು ಮಳೆಗಾಲ ಬಾಳುತ್ತೆ. ಆಮೇಲೆ ಬಿಚ್ಚಿ ಮತ್ತೆ ಹಚ್ಚಬೇಕು."

"ಯಾರು ಹಚ್ತಾರೆ?"

"ನಾನೇ."

ಅವರು ತಲೆಯಾಡಿಸಿದರು. ಮೊಟ್ಟೆಯನ್ನು ಬೂಬೂವಿನ ಅಂಚಿನಲ್ಲಿ ಒರೆಸಿ ನನ್ನ ಕೈಗಿತ್ತು ಎದ್ದರು. "ಮಂಗಳವಾರ ವ್ಯಾನು ಖಾಲಿ ಇರುತ್ತೆ," ಎಂದರು.

"ಸೋಮವಾರ ತನ್ನಿ," ಎಂದೆ.